ತಿಂಗಳ ಲೆಕ್ಕದ ಊರು, ವರ್ಷದ ಲೆಕ್ಕದ ಊರು

(ಬೆಂಗಳೂರು, ಪುಣೆ ಬಿಟ್ಟು ಊರಿಗೆ ಮರಳುವ ಯೋಚನೆಯಲ್ಲಿರುವ ಕುಟುಂಬಗಳಿಗಾಗಿ ವಿಜಯಪುರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ಶರಣು.

"ಊರಾಗ ಖರ್ಚು ಕಡಿಮಿ ಅಂತ ಬಂದ್ವಿ, ಆದ್ರ ರೊಕ್ಕ ಎಲ್ಲಿ ಹೋಗತೈತಿ ಗೊತ್ತಾಗವಲ್ದು." ದೊಡ್ಡ ಊರು ಬಿಟ್ಟು ಬಂದ ಮನೆಗಳಲ್ಲಿ ಮೊದಲ ವರ್ಷ ಈ ಮಾತು ಕೇಳಿಬರುತ್ತದೆ. ಇಲ್ಲಿ ಖರ್ಚು ಕಡಿಮೆ ಎನ್ನುವುದು ಸುಳ್ಳಲ್ಲ. ಅದು ಬರುವ ರೀತಿ ಬೇರೆ, ಅಷ್ಟೇ. ಬೆಂಗಳೂರಿನಲ್ಲಿ ಬಾಡಿಗೆ, ನಿರ್ವಹಣಾ ಶುಲ್ಕ, ಶಾಲಾ ವಾಹನ, ನೀರಿನ ಟ್ಯಾಂಕರ್ ಎಲ್ಲವೂ ತಿಂಗಳ ತಲೆಗೆ ಬರುತ್ತವೆ, ಪಗಾರವೂ ತಿಂಗಳಿಗೇ ಬರುತ್ತದೆ. ನಮ್ಮ ಕಡೆ ಖರ್ಚು ಗುಡ್ಡೆಯಾಗಿ ಬರುತ್ತದೆ: ಮಾರ್ಚ್‌ನಲ್ಲಿ ವರ್ಷದ ಜೋಳ, ಬೇಸಿಗೆಗೆ ಮುಂಚೆ ನೀರಿನ ವ್ಯವಸ್ಥೆ, ಏಪ್ರಿಲ್–ಮೇನಲ್ಲಿ ಲಗ್ನಗಳು, ಜೂನ್‌ನಲ್ಲಿ ಶಾಲೆಯ ಫೀ. ದೊಡ್ಡ ಊರಿನಲ್ಲಿ ಬೇಕಾದಾಗ ಕೊಂಡರೆ ಆಯಿತು. ಇಲ್ಲಿ ಮೊದಲೇ ಕೂಡಿಸಿಟ್ಟುಕೊಂಡಿರಬೇಕು. ಕೂಡಿಸಿಡುವುದಕ್ಕೆ ಜಾಗ, ಮುಂಗಡ ಹಣ, ಮನೆಯಲ್ಲೊಬ್ಬರ ಸಮಯ, ಮೂರೂ ಬೇಕು. ಊರಿಗೆ ಬರುವವರು ಲೆಕ್ಕಕ್ಕೆ ಹಿಡಿಯದೆ ಬಿಡುವುದು ಇವನ್ನೇ.

ಮೊದಲು ಒಂದು ವಿಂಗಡಣೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರಕ್ಕೂ "ಸಣ್ಣ ಊರು" ಎಂಬ ಒಂದೇ ಹೆಸರು ಹಚ್ಚಿದರೆ ಲೆಕ್ಕ ತಪ್ಪುತ್ತದೆ. ಬೆಳಗಾವಿಗೆ ಸಾಂಬ್ರಾ ವಿಮಾನ ನಿಲ್ದಾಣ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಫೌಂಡ್ರಿಗಳು, ದೊಡ್ಡ ಆಸ್ಪತ್ರೆಗಳಿವೆ. ಮಳೆಯೂ ವಿಜಯಪುರದ ಎರಡು ಪಟ್ಟು. ಅಲ್ಲಿಯ ಬದುಕು ಅರ್ಧ ದೊಡ್ಡ ಊರಿನದೇ. ಬಾಗಲಕೋಟೆಯ ಸ್ಥಿತಿ ಬೇರೆ. ಆಲಮಟ್ಟಿ ಹಿನ್ನೀರಿಗೆ ಹಳೆಯ ಊರಿನ ಭಾಗ ಮುಳುಗಿದ್ದರಿಂದ ನವನಗರವನ್ನು ಸೆಕ್ಟರ್ ಸೆಕ್ಟರ್ ಆಗಿ ಹೊಸದಾಗಿ ಕಟ್ಟಲಾಯಿತು. ರಸ್ತೆ ಅಗಲ, ಗಾಳಿ ಬೆಳಕು ಚೆನ್ನ. ಆದರೆ ಹಳೆಯ ಪೇಟೆ ಕೆಲವು ಕಿಲೋಮೀಟರ್ ಆಚೆ ಉಳಿಯಿತು. ಸ್ಕೂಟರ್ ನಡೆಸಲಾರದ ಹಿರಿಯರು ಅಲ್ಲಿ ಬೆಂಗಳೂರಿನ ಹೊರವಲಯದ ಬಡಾವಣೆಯವರಂತೆಯೇ ಮಕ್ಕಳು ಬರುವ ದಾರಿ ಕಾಯಬೇಕಾಗುತ್ತದೆ. ನಿಜವಾದ ಸಣ್ಣ ಊರುಗಳೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಇಳಕಲ್ಲ, ಜಮಖಂಡಿ, ಅಥಣಿ. ಇವತ್ತಿನ ಮಾತು ಹೆಚ್ಚಾಗಿ ವಿಜಯಪುರಕ್ಕೂ ಈ ತಾಲೂಕು ಊರುಗಳಿಗೂ ಸೇರಿದ್ದು.

ಊರಿನ ದುಡ್ಡಿಗೂ ಹಂಗಾಮು ಇದೆ

ತೊಗರಿ ಡಿಸೆಂಬರ್–ಜನವರಿಗೆ ಮಾರುಕಟ್ಟೆಗೆ ಬರುತ್ತದೆ. ಬಿಳಿಜೋಳ, ಕಡಲೆ ಫೆಬ್ರುವರಿ–ಮಾರ್ಚ್‌ಗೆ. ಅದರ ಬೆನ್ನಿಗೇ ಒಣದ್ರಾಕ್ಷಿ. ಕಬ್ಬು ನುರಿಸುವುದು ಅಕ್ಟೋಬರ್ ಕೊನೆ, ನವೆಂಬರ್‌ನಿಂದ ಮಾರ್ಚ್‌ವರೆಗೆ. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಬಿಲ್ ಪಾವತಿಸಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಿಲ್ ತಡವಾದ ವರ್ಷ ಕಿರಾಣಿ ಅಂಗಡಿಯಿಂದ ಬಂಗಾರದ ಅಂಗಡಿವರೆಗೆ ಎಲ್ಲರ ವ್ಯಾಪಾರಕ್ಕೂ ಬಿಗಿ.

ನೌಕರಿ ಬಿಟ್ಟು ಊರಲ್ಲಿ ಅಂಗಡಿ ಹಾಕುತ್ತೇನೆ ಎನ್ನುವವರು ಇದನ್ನು ಬರೆದಿಟ್ಟುಕೊಳ್ಳಿ. ತಿಂಗಳಿಗೆ ಒಂದು ಲಕ್ಷ ರೂಪಾಯಿ ವ್ಯಾಪಾರ, ಅದರಲ್ಲಿ ಶೇ. 40 ಉದ್ರಿ, ಉದ್ರಿ ತೀರುವುದು ನಾಲ್ಕು ತಿಂಗಳಿಗೆ ಎಂದಿಟ್ಟುಕೊಳ್ಳಿ. ಯಾವ ಹೊತ್ತಿಗೆ ನೋಡಿದರೂ 1,60,000 ರೂಪಾಯಿ ಹೊರಗೆ ಸಿಕ್ಕಿಕೊಂಡಿರುತ್ತದೆ. ಸಾಮಾನು ತಂದ ಕಡೆ ಮಾತ್ರ 15 ದಿನಕ್ಕೆ ಹಣ ಕಟ್ಟಬೇಕು. ಗಿರಾಕಿ ಚೆನ್ನಾಗಿದ್ದೂ ಅಂಗಡಿ ಬಾಗಿಲು ಮುಚ್ಚುವುದು ಇದರಿಂದಲೇ. ಉದ್ರಿ ಕೊಡುವುದಿಲ್ಲ ಎಂದು ಬೋರ್ಡ್ ಹಾಕುವುದು ಸುಲಭ; ಹಾಕಿದರೆ ರೈತ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ. ಸಿಕ್ಕಿಕೊಳ್ಳುವ ಹಣವನ್ನು ಬಂಡವಾಳದಲ್ಲೇ ಸೇರಿಸಿಕೊಂಡು ಶುರುಮಾಡುವುದು ವಾಸಿ.

ನೀರು

ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ ಪಂಪಾಗಿ ಬರುತ್ತದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿದಾಗ ಅಲ್ಲಿಯ ಬಡಾವಣೆಗಳು ಕಂಗೆಟ್ಟವು. ಅಂದರೆ ನೀರಿನ ಕೊರತೆ ನಮ್ಮ ಸೊತ್ತೇನೂ ಅಲ್ಲ. ವ್ಯತ್ಯಾಸ ಇಷ್ಟೇ: ಅಲ್ಲಿ ಕೊರತೆಯಾದಾಗ ಟ್ಯಾಂಕರ್‌ಗೆ ಹೆಚ್ಚು ದುಡ್ಡು ಕೊಡುತ್ತಾರೆ, ಇಲ್ಲಿ ಕೊರತೆ ಬರುವ ಮೊದಲೇ ಟಾಕಿ ಕಟ್ಟಿಸುತ್ತಾರೆ. ವಿಜಯಪುರಕ್ಕೆ ಅದು ಹೊಸದೂ ಅಲ್ಲ. ತಾಜ್ ಬಾವಡಿ, ಬೇಗಂ ತಲಾಬ್, ನೆಲದಡಿಯ ಕಾಲುವೆ, ನೀರಿನ ಒತ್ತಡ ಇಳಿಸಿ ಕೆಸರು ತಂಗಿಸುತ್ತಿದ್ದ ಗಂಜ್ ಎಂಬ ಗೋಪುರಗಳು, ಎಲ್ಲವೂ ಆದಿಲ್‌ಶಾಹಿ ಕಾಲದ ನೀರಿನ ವ್ಯವಸ್ಥೆಯ ಭಾಗಗಳೇ.

ಟಾಕಿ ಎಷ್ಟು ದೊಡ್ಡದಿರಬೇಕು? ಒಳಚರಂಡಿ ಇರುವ ಊರಿಗೆ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಮಾನದಂಡ. ಐದು ಜನರ ಮನೆಗೆ 675 ಲೀಟರ್. ನಿಮ್ಮ ಓಣಿಗೆ ಆರು ದಿನಕ್ಕೊಮ್ಮೆ ನೀರು ಬಿಡುತ್ತಾರೆ ಅಂದರೆ 4,050 ಲೀಟರ್ ಸಾಕು ಅನ್ನಿಸುತ್ತದೆ. ಸಾಕಾಗುವುದಿಲ್ಲ. ಪೈಪ್ ಒಡೆಯುತ್ತದೆ, ಪಂಪ್‌ಹೌಸ್‌ನಲ್ಲಿ ಕರೆಂಟ್ ಹೋಗುತ್ತದೆ, ಸರದಿ ಜಾರುತ್ತದೆ. ಒಂದೂವರೆ ಪಟ್ಟು ಹಿಡಿಯಿರಿ: 6,075 ಲೀಟರ್. ಒಳ ಅಳತೆ 7 ಅಡಿ ಉದ್ದ, 7 ಅಡಿ ಅಗಲ, 5 ಅಡಿ ಆಳದ ಸಂಪ್ 245 ಘನ ಅಡಿ ಆಗುತ್ತದೆ, ಸುಮಾರು 6,900 ಲೀಟರ್. ಮೇಲಿನ ಅರ್ಧ ಅಡಿ ಖಾಲಿ, ತಳದಲ್ಲಿ ಒಂದಿಷ್ಟು ಕೆಸರು ಬಿಟ್ಟರೆ ಲೆಕ್ಕ ಸರಿಹೋಗುತ್ತದೆ. ಬಾಡಿಗೆ ಮನೆ ನೋಡಲು ಹೋದಾಗ ಹಾಲ್ ಎಷ್ಟು ಅಗಲ ಎಂದು ನೋಡುವ ಮೊದಲು ಸಂಪಿನ ಮುಚ್ಚಳ ತೆಗೆಸಿ ನೋಡಿ. ಮನೆಯವರು ಬೇಸರಪಟ್ಟುಕೊಂಡರೂ ಪರವಾಗಿಲ್ಲ.

ಹೀಗೆ ಬಿಟ್ಟು ಬಿಟ್ಟು ಬರುವ ನೀರಿನ ಒಂದು ತೊಂದರೆಯನ್ನು ದೊಡ್ಡ ಊರಿನವರು ಊಹಿಸುವುದಿಲ್ಲ. ಪೈಪು ಖಾಲಿಯಿದ್ದಾಗ ಒಳಗೆ ಒತ್ತಡವಿರುವುದಿಲ್ಲ. ಆಗ ಸಡಿಲ ಜಾಯಿಂಟ್‌ಗಳಿಂದ ಗಟಾರದ ನೀರು ಒಳಗೆ ಇಳಿಯುತ್ತದೆ. ನಳ ಬಂದ ಮೊದಲ ಐದು ಹತ್ತು ನಿಮಿಷದ ನೀರು ಕೆಂಪಾಗಿ, ವಾಸನೆಯಾಗಿ ಇರುವುದು ಇದಕ್ಕೆ. ಅದನ್ನು ಸಂಪಿಗೆ ಬಿಡಬೇಡಿ, ಗಿಡಕ್ಕೋ ಪಾಯಖಾನೆಗೋ ಹಿಡಿದಿಡಿ. ಕೆಲವರು ನಳಕ್ಕೆ ನೇರ ಮೋಟರ್ ಹಚ್ಚುತ್ತಾರೆ. ಅದು ನಿಯಮಕ್ಕೆ ವಿರುದ್ಧ. ಅದಕ್ಕಿಂತ ಮುಖ್ಯವಾಗಿ, ಮೋಟರ್ ಎಳೆದಾಗ ಪೈಪಿನೊಳಗೆ ಹೀರುವಿಕೆ ಹುಟ್ಟಿ ಗಟಾರದ ನೀರು ಮತ್ತಷ್ಟು ಸೇರುತ್ತದೆ. ಓಣಿಗೆಲ್ಲ ವಾಂತಿಭೇದಿ ಹರಡಲು ಇದೊಂದು ಸಾಮಾನ್ಯ ದಾರಿ.

ಕೊಳವೆಬಾವಿ ನೀರಿದ್ದರೆ ಪರೀಕ್ಷೆ ಮಾಡಿಸದೆ ಕುಡಿಯಬೇಡಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ಕಡೆಯ ಮಿತಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಮನೆಯ ಆರ್‌ಓ ಯಂತ್ರ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಹೊರಚೆಲ್ಲುತ್ತದೆ, ಆ ಪೈಪನ್ನು ಬಕೆಟ್ಟಿಗೆ ಬಿಟ್ಟು ನೆಲ ಒರೆಸಲು ಬಳಸಿ. ಊರೂರಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ, ಕುಡಿಯಲು ಅಡುಗೆಗೆ ದಿನಕ್ಕೆ 20 ಲೀಟರಿನ ಒಂದೂವರೆ ಕ್ಯಾನ್ ಐದು ಜನಕ್ಕೆ ಸಾಕು.

ಸ್ವಂತ ಮನೆಯಾದರೆ ಮಾಳಿಗೆಯ ಮೇಲೆ ಬೀಳುವ ಮಳೆ ನೀರನ್ನೂ ಹಿಡಿಯಿರಿ. ವಿಜಯಪುರಕ್ಕೆ ವರ್ಷಕ್ಕೆ ಹೆಚ್ಚುಕಡಿಮೆ 600 ಮಿ.ಮೀ. ಮಳೆ. 1,000 ಚದರ ಅಡಿಯ ಮಾಳಿಗೆ ಎಂದರೆ 93 ಚದರ ಮೀಟರ್. ಐದರಲ್ಲೊಂದು ಭಾಗ ವ್ಯರ್ಥವಾದರೂ 44,000 ಲೀಟರ್ ಮೀರಿ ಸಿಗುತ್ತದೆ, ಅಂದರೆ ಅದೇ ಮನೆಗೆ ಎರಡು ತಿಂಗಳ ನೀರು.

ಬಿಸಿಲು, ಎರೆಮಣ್ಣು, ಕರೆಂಟು

ಏಪ್ರಿಲ್–ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಹಳೆಯ ಮಣ್ಣಿನ ಮಾಳಿಗೆ, ದಪ್ಪ ಗೋಡೆಯ ಮನೆಗಳು ಹಗಲಿನ ಕಾವನ್ನು ಒಳಗೆ ಬಿಡುತ್ತಿರಲಿಲ್ಲ. ಆರ್‌ಸಿಸಿ ಸ್ಲ್ಯಾಬ್ ಸಂಜೆಯವರೆಗೆ ಬಿಸಿಲುಂಡು ರಾತ್ರಿಯೆಲ್ಲ ಕೋಣೆಗೆ ಕಾರುತ್ತದೆ. ಶಿವರಾತ್ರಿ ಮುಗಿಯುತ್ತಿದ್ದಂತೆ ಮಾಳಿಗೆಗೆ ಎರಡು ಕೈ ಬಿಳಿ ಸುಣ್ಣ ಹೊಡೆಸಿ. ಗಾಳಿ ಒಣಗಿರುವುದರಿಂದ ಇಲ್ಲಿ ಎಸಿಗಿಂತ ಕಡಿಮೆ ಖರ್ಚಿನಲ್ಲಿ ಕೂಲರ್ ಕೆಲಸ ಮಾಡುತ್ತದೆ, ಆದರೆ ಎದುರು ಕಿಟಕಿ ತೆರೆದಿರಬೇಕು. ಮುಚ್ಚಿದ ಕೋಣೆಯಲ್ಲಿ ಒಂದು ಗಂಟೆಗೆ ತೇವ ತುಂಬಿ ಮೈ ಅಂಟಂಟು. ಕೂಲರ್‌ಗೆ ಹಾಕುವ ನೀರನ್ನೂ ಮೇಲಿನ 675 ಲೀಟರಿಗೆ ಸೇರಿಸಿಕೊಳ್ಳಿ.

ನಮ್ಮ ಮೂರೂ ಜಿಲ್ಲೆಗಳಿಗೆ ಕರೆಂಟ್ ಕೊಡುವುದು ಹೆಸ್ಕಾಂ. ಮನೆಯಿಂದ ಕೆಲಸ ಮಾಡುವವರು ಇನ್ವರ್ಟರ್ ಲೆಕ್ಕ ಸರಿಯಾಗಿ ಹಾಕಬೇಕು. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಕೈಗೆ ಸಿಗುವುದು ಸುಮಾರು 1,200 ವ್ಯಾಟ್-ಗಂಟೆ. 75 ವ್ಯಾಟಿನ ಮೂರು ಹಳೆಯ ಫ್ಯಾನು, 9 ವ್ಯಾಟಿನ ಐದು ಬಲ್ಬು, ಒಂದು ರೂಟರ್ ಹಚ್ಚಿದರೆ ನಾಲ್ಕು ಗಂಟೆ. ಅದೇ ಫ್ಯಾನುಗಳನ್ನು ಕಡಿಮೆ ಕರೆಂಟ್ ಎಳೆಯುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ ಬದಲಿಸಿದರೆ ಎಂಟು ಗಂಟೆ. ಎರಡನೇ ಬ್ಯಾಟರಿ ಕೊಳ್ಳುವ ಮೊದಲು ಫ್ಯಾನು ಬದಲಿಸಿ.

ಮನೆ ಕಟ್ಟುವವರಿಗೆ ಎರೆಮಣ್ಣಿನ ವಿಷಯ. ಈ ಮಣ್ಣು ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಕೂತ ತೆಳು ಪಾಯ ವರ್ಷಕ್ಕೊಮ್ಮೆ ಏರಿಳಿಯುತ್ತದೆ, ಕಿಟಕಿ ಬಾಗಿಲ ಮೂಲೆಯಿಂದ ಓರೆಯಾಗಿ ಗೋಡೆ ಸೀಳುತ್ತದೆ. ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಮುಂದಿನ ಬೇಸಿಗೆಗೆ ಮತ್ತೆ ತೆರೆಯುತ್ತದೆ. ಎರೆಮಣ್ಣು ಮೇಲ್ಪದರವಷ್ಟೇ ಇದ್ದರೆ ಗರಸು ಸಿಗುವವರೆಗೆ ಅಗೆದು ಪಾಯ ಹಾಕಬೇಕು. ಆಳವಾಗಿದ್ದರೆ ಸುಮಾರು 3.5 ಮೀಟರ್‌ವರೆಗೆ ಇಳಿಯುವ, ತಳದಲ್ಲಿ ಗಡ್ಡೆಯಂತೆ ಅಗಲವಾಗುವ ಅಂಡರ್-ರೀಮ್ಡ್ ಪೈಲ್ ಹಾಕಿ ಮೇಲೆ ಬೀಮ್ ಕಟ್ಟುತ್ತಾರೆ; ಆ ಆಳದಲ್ಲಿ ಮಣ್ಣಿನ ತೇವ ಹಂಗಾಮಿನಿಂದ ಹಂಗಾಮಿಗೆ ಹೆಚ್ಚು ಬದಲಾಗುವುದಿಲ್ಲ. ಮನೆಯ ಸುತ್ತ ಮೂರು ನಾಲ್ಕು ಅಡಿ ಅಗಲ ಕಾಂಕ್ರೀಟ್ ಹಾಸಿ, ನೀರು ಹೊರಗೆ ಹರಿಯುವಂತೆ ಇಳಿಜಾರು ಕೊಡಿಸಿ. ಪಾಯದ ಪಕ್ಕದಲ್ಲೇ ಪಾತ್ರೆ ತೊಳೆದ ನೀರು ಇಂಗಿಸಿದರೆ ಆ ಒಂದೇ ಮೂಲೆ ಉಬ್ಬಿ ಎಲ್ಲ ಖರ್ಚೂ ನೀರುಪಾಲು.

ಜೋಳ

ಐದು ಜನ ಎರಡೂ ಹೊತ್ತು ರೊಟ್ಟಿ ಉಣ್ಣುವ ಮನೆಗೆ, ಒಬ್ಬರಿಗೆ ದಿನಕ್ಕೆ 250 ಗ್ರಾಂ ಹಿಡಿದರೆ ವರ್ಷಕ್ಕೆ ನಾಲ್ಕೂವರೆ ಕ್ವಿಂಟಾಲ್. ರಾತ್ರಿ ಅನ್ನ, ಚಪಾತಿ ಇದ್ದರೆ ಮೂರು. ಹಿಂಗಾರಿ ಜೋಳ ಹೊಸದಾಗಿ ಬರುವ ಫೆಬ್ರುವರಿ–ಮಾರ್ಚ್‌ನಲ್ಲಿ ಕೊಳ್ಳಬೇಕು. ಈ ಕಡೆಯವರು ರೊಟ್ಟಿಗೆ ಮೊದಲು ಕೇಳುವುದು ಮಾಲ್ದಂಡಿ ತಳಿಯ ಜೋಳವನ್ನೇ. ಕಾಳು ಹಲ್ಲಿಗೆ ಸಿಕ್ಕಾಗ ಕಟ್ ಎಂದು ಒಡೆಯಬೇಕು. ಮೆತ್ತಗೆ ಅಮುಕಿದರೆ ತೇವ ಇದೆ ಎಂದರ್ಥ.

ತೇವ ಶೇ. 12ಕ್ಕಿಂತ ಹೆಚ್ಚಿದ್ದರೆ ನುಸಿ, ಬೂಷ್ಟು ಎರಡೂ ಖಾತ್ರಿ. ಎರಡು ಮೂರು ದಿನ ತೆಳುವಾಗಿ ಹರವಿ ಒಣಗಿಸಿ. ಎಲ್ಲರೂ ತಪ್ಪುವುದು ಮುಂದಿನ ಹೆಜ್ಜೆಯಲ್ಲಿ: ಬಿಸಿಲಿಂದ ತೆಗೆದ ಬಿಸಿ ಕಾಳನ್ನೇ ಡಬ್ಬಿಗೆ ತುಂಬಿ ಮುಚ್ಚಳ ಹಾಕುತ್ತಾರೆ. ರಾತ್ರಿ ತಗಡು ತಣ್ಣಗಾದಾಗ ಒಳಗಿನ ಹಬೆ ಬೆವರಾಗಿ ಮೇಲಿನ ಪದರ ತೊಯ್ಯುತ್ತದೆ. ನೆರಳಲ್ಲಿ ಒಂದು ರಾತ್ರಿ ಆರಿಸಿ ತುಂಬಿ. ನೆರಳಲ್ಲೇ ಒಣಗಿಸಿದ ಬೇವಿನ ಸೊಪ್ಪನ್ನು ಪದರಕ್ಕೊಂದರಂತೆ ಹಾಕಿ. ಹಸಿ ಸೊಪ್ಪು ಹಾಕಿದರೆ ತೇವವನ್ನು ನಾವೇ ಕೊಟ್ಟಂತೆ. ಡಬ್ಬಿಯನ್ನು ನೆಲಕ್ಕೆ ಇಡದೆ ಹಲಗೆಯ ಮೇಲೆ, ಗೋಡೆಯಿಂದ ಗೇಣು ದೂರ ಇಡಿ. ಕೆಲವರು ಅಂಗಡಿಯಿಂದ ಕಾಳಿನ "ಗುಳಿಗಿ" ತಂದು ಹಾಕುತ್ತಾರೆ. ಅದು ಅಲ್ಯುಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗುಲಿದರೆ ಸಾಕು, ಜೀವ ತೆಗೆಯುವ ಅನಿಲ ಬಿಡುತ್ತದೆ. ಜನ ಮಲಗುವ ಮನೆಯೊಳಗೆ ಅದು ಬೇಡವೇ ಬೇಡ.

ಗಿರಣಿಗೆ ಎಂಟು ಹತ್ತು ದಿನಕ್ಕೆ ಆಗುವಷ್ಟೇ ಹಾಕಿಸಿ. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಬಡಿಯುವಾಗ ರೊಟ್ಟಿಯ ಅಂಚು ಹರಿಯುತ್ತದೆ. ಬೆಂಗಳೂರಿನ ಪ್ಯಾಕೆಟ್ ಹಿಟ್ಟಿನಲ್ಲಿ ರೊಟ್ಟಿ ಬರುವುದಿಲ್ಲ ಎಂದು ಸೊಸೆಯ ಕೈ ದೂರುವ ಅತ್ತೆಯರು ಪ್ಯಾಕೆಟ್ಟಿನ ತಾರೀಖನ್ನೊಮ್ಮೆ ನೋಡಬೇಕು.

ಒಮ್ಮೆಗೇ ನಾಲ್ಕು ಕ್ವಿಂಟಾಲ್ ಜೋಳ, ಮೇಲೆ ಬ್ಯಾಡಗಿ ಮೆಣಸಿನಕಾಯಿ, ತೊಗರಿಬೇಳೆ, ಶೇಂಗಾ ತರಲು ಮಾರ್ಚ್‌ನಲ್ಲಿ ದೊಡ್ಡ ಮೊತ್ತ ಕೈಯಲ್ಲಿರಬೇಕು. ಒಣಗಿಸಲು ಮಾಳಿಗೆ, ಇಡಲು ಕೋಣೆ ಬೇಕು. ಎರಡನೇ ಮಹಡಿಯ ಬಾಡಿಗೆ ಮನೆ ಹಿಡಿದವರಿಗೆ ಇದು ಲಾಭದ ಮಾತಲ್ಲ. ಅವರು ತಿಂಗಳಿಗೆ 40 ಕಿಲೋ ಕೊಂಡರೆ ಸಾಕು.

ಜನ

ಬೆಂಗಳೂರಿನಲ್ಲಿ ಬಾಡಿಗೆಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ರೂಢಿ ಇತ್ತು, ಈಗಲೂ ಹಲವೆಡೆ ಕಡಿಮೆಯಿಲ್ಲ. ಇಲ್ಲಿ ಅಡ್ವಾನ್ಸ್ ಸಣ್ಣದು, ಪ್ರಶ್ನೆ ದೊಡ್ಡದು: "ನೀವು ಯಾರ ಪೈಕಿ?" ಜಾತಿ ಕೇಳುವ ಸಭ್ಯ ದಾರಿ ಅದು. ಅಂತರ್ಜಾತಿ ದಂಪತಿಗೆ, ಒಂಟಿ ಹೆಣ್ಣುಮಕ್ಕಳಿಗೆ ಮನೆ ಸಿಗುವುದು ಕಷ್ಟ. ಊರಿನವರು ಒಳ್ಳೆಯವರು ಎಂದು ಹಾಡಿ ಹೊಗಳುವ ಮೊದಲು ಇದನ್ನು ಒಪ್ಪಿಕೊಳ್ಳಬೇಕು.

ತುಳಸಿ ಲಗ್ನ ಮುಗಿದ ಮೇಲೆ ಮುಹೂರ್ತಗಳು ಶುರು. ಏಪ್ರಿಲ್–ಮೇನಲ್ಲಿ ಒಂದೇ ದಿನ ಮೂರು ಮನೆಯ ಪತ್ರಿಕೆ ಬರುತ್ತದೆ. ಆಹೇರಿ (ಉಡುಗೊರೆಯ ಬಟ್ಟೆ), ಮುಯ್ಯಿ, ಹೋಗಿಬರುವ ಗಾಡಿ ಖರ್ಚು ಸೇರಿ ವರ್ಷದ ಲೆಕ್ಕದಲ್ಲಿ ಇದೊಂದು ದೊಡ್ಡ ಬಾಬತ್ತು. ಮುಯ್ಯಿ ಬರೆದಿಡುವ ವಹಿ ಇಲ್ಲದ ಮನೆ ಇಲ್ಲಿ ಅಪರೂಪ. ಲಗ್ನ ತಪ್ಪಿದರೆ ನಡೆದೀತು, ಮಣ್ಣಿಗೆ, ಅಂದರೆ ಅಂತ್ಯಕ್ರಿಯೆಗೆ, ಹೋಗದಿದ್ದರೆ ನೆನಪಿಡುತ್ತಾರೆ. ವಾರದ ನಡುವೆ ಅರ್ಧ ದಿನ ರಜೆ ಕೊಡದ ನೌಕರಿ ಇದ್ದವರಿಗೆ ಇಲ್ಲಿ ಮುಜುಗರ ತಪ್ಪಿದ್ದಲ್ಲ. ರಾತ್ರಿ ಎರಡಕ್ಕೆ ರಕ್ತ ಬೇಕಾದಾಗ, ದವಾಖಾನೆಯಲ್ಲಿ ಒಬ್ಬರು ಕೂರಬೇಕಾದಾಗ ಓಡಿಬರುವವರೂ ಆ ವಹಿಯಲ್ಲಿ ಇರುವವರೇ.

ಊರಿಗೆ ಮರಳುವ ತೀರ್ಮಾನದಲ್ಲಿ ಹೆಚ್ಚು ಕಳೆದುಕೊಳ್ಳುವುದು ಸಾಮಾನ್ಯವಾಗಿ ಸೊಸೆ. ಗಂಡನ ಕೆಲಸ ಮನೆಯಿಂದ ನಡೆಯುತ್ತದೆ, ಆಕೆಯ ಕೆಲಸ ಬಿಟ್ಟುಹೋಗುತ್ತದೆ, ಜೋಳ ಒಣಗಿಸುವ ನಳ ಕಾಯುವ ಕೆಲಸ ಆಕೆಯ ಪಾಲಿಗೆ ಬರುತ್ತದೆ. ಮೇಲೆ ಹೇಳಿದ "ಮನೆಯಲ್ಲೊಬ್ಬರ ಸಮಯ" ಯಾರದು ಎಂದು ಮೊದಲೇ ಮಾತಾಡಿಕೊಳ್ಳಿ. ಆಕೆಯ ಪಗಾರ ನಿಂತರೆ ಉಳಿಯುವ ಬಾಡಿಗೆ ಎಷ್ಟು ಹೆಚ್ಚಿದ್ದರೂ ಲೆಕ್ಕ ಮೈನಸ್ ಆಗಬಹುದು.

ದವಾಖಾನೆ

ಜಿಲ್ಲಾ ಕೇಂದ್ರಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಸುತ್ತಲಿನವರು ಸೊಲ್ಲಾಪುರ, ಮಿರಜಕ್ಕೂ ಹೋಗುತ್ತಾರೆ. ಕಷ್ಟ ಇರುವುದು ತಾಲೂಕಿನಲ್ಲಿ, ಅದೂ ರಾತ್ರಿ. ಪಾರ್ಶ್ವವಾಯುವಿಗೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಇಂಡಿಯಿಂದ ವಿಜಯಪುರಕ್ಕೆ ಬರಲು ಒಂದು ಗಂಟೆ ಹಿಡಿದರೂ ಸಮಯ ಇರುತ್ತದೆ. ಅದು ಕಳೆದುಹೋಗುವುದು "ಬೆಳಿಗ್ಗೆ ನೋಡೋಣು" ಎನ್ನುವುದರಲ್ಲಿ. ಎದೆನೋವಿಗೆ ಗ್ಯಾಸ್ ಎಂದು ಇಂಜೆಕ್ಷನ್ ಮಾಡಿಸಿ ಮಲಗುವುದು ಇನ್ನೊಂದು ತಪ್ಪು. ಮತ್ತೂ ಒಂದಿದೆ: ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸದೆ ನೇರ ದೊಡ್ಡ ಊರಿಗೆ ಗಾಡಿ ಓಡಿಸುವುದು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ಸರ್ಕಾರಿ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ತಜ್ಞರಿಗೆ ಕಳಿಸಿ, ಬೇಕಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಆಮೇಲೆ ಮುಂದಿನ ಊರು.

ಬಂದ ಮೊದಲ ವಾರವೇ ಎರಡು ವಿಷಯ ವಿಚಾರಿಸಿ: ರಾತ್ರಿ ಸಿಟಿ ಸ್ಕ್ಯಾನ್ ಎಲ್ಲಿ ನಡೆಯುತ್ತದೆ, ಹೃದಯದ ರಕ್ತನಾಳದ ತಡೆ ತೆಗೆಯುವ ಕ್ಯಾಥ್ ಲ್ಯಾಬ್ ಎಲ್ಲಿ ರಾತ್ರಿಯೂ ತೆರೆದಿರುತ್ತದೆ. ಆರೋಗ್ಯ ವಿಮೆ ಇದ್ದರೆ ಈ ಜಿಲ್ಲೆಯ ಯಾವ ಆಸ್ಪತ್ರೆ ನಗದುರಹಿತ ಪಟ್ಟಿಯಲ್ಲಿದೆ ನೋಡಿ. ಕೆಲವು ಪಾಲಿಸಿಗಳಲ್ಲಿ ಸಣ್ಣ ಊರಿನ ವಿಳಾಸಕ್ಕೆ ಕಂತು ಕಡಿಮೆ, ಆದರೆ ಚಿಕಿತ್ಸೆ ಬೆಂಗಳೂರಿನಲ್ಲಿ ಆದರೆ ಬಿಲ್ಲಿನ ಒಂದು ಪಾಲು ನಿಮ್ಮ ಕೈಯಿಂದ. ಮೂರು ತಿಂಗಳಿಗೊಮ್ಮೆ ಬೆಂಗಳೂರಿನ ತಜ್ಞರ ಹತ್ತಿರ ಹೋಗಲೇಬೇಕಾದ ಕಾಯಿಲೆ ಮನೆಯಲ್ಲಿದ್ದರೆ ಪ್ರತಿ ಭೇಟಿಗೆ ಎರಡು ರಾತ್ರಿ ಪ್ರಯಾಣ, ಒಂದು ಹಗಲು ಎಂದು ಲೆಕ್ಕ ಹಾಕಿ. ಅಂಥ ಮನೆಯವರಿಗೆ ನಾವು ಬನ್ನಿ ಎಂದು ಹೇಳುವುದಿಲ್ಲ.

ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಮೂರು

ಯಾವ ತಿಂಗಳಲ್ಲಿ ಬರಬೇಕು? ಏಪ್ರಿಲ್‌ನಲ್ಲಿ, ಬಾಡಿಗೆ ಮನೆಗೆ. ನೀರು, ಕರೆಂಟು, ಬಿಸಿಲು ಮೂರೂ ಆಗ ತಮ್ಮ ಕೆಟ್ಟ ಸ್ಥಿತಿಯಲ್ಲಿರುತ್ತವೆ, ಶಾಲೆ ಸೇರಿಸಲೂ ಸಮಯವಿರುತ್ತದೆ. ದೀಪಾವಳಿಗೆ ಬಂದು, ಹವೆ ನೋಡಿ, ಪ್ಲಾಟ್ ಕೊಂಡವರು ಮುಂದಿನ ಮೇನಲ್ಲಿ ಅದನ್ನೇ ಮಾರಲು ಗಿರಾಕಿ ಹುಡುಕುತ್ತಾರೆ.

ಪ್ಲಾಟ್ ಕೊಳ್ಳುವಾಗ ಏನು ನೋಡಬೇಕು? ಗ್ರಾಮ ಪಂಚಾಯತಿ ವ್ಯಾಪ್ತಿಯಾದರೆ ಪಂಚಾಯತಿ ಆಸ್ತಿ ದಾಖಲೆಯ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11ಎ ಇರಬೇಕು. ಅನಧಿಕೃತ ಆಸ್ತಿಗೆ ಕೊಡುವ 11ಬಿ ತೋರಿಸಿದರೆ ಅಲ್ಲಿಗೇ ನಿಲ್ಲಿಸಿ. ಜಮೀನು ಎನ್‌ಎ (ಕೃಷಿಯೇತರ) ಆದ ಆದೇಶ, ಅನುಮೋದಿತ ಲೇಔಟ್ ನಕ್ಷೆ ಎರಡನ್ನೂ ಕೇಳಿ. 30 ವರ್ಷದ ಋಣಭಾರ ಪತ್ರ ತೆಗೆಸಿ. 2004ರ ಈಚಿನದು ಆನ್‌ಲೈನ್‌ನಲ್ಲಿ ಸಿಗುತ್ತದೆ, ಹಿಂದಿನದಕ್ಕೆ ಉಪ ನೋಂದಣಾಧಿಕಾರಿ ಕಚೇರಿಗೇ ಹೋಗಬೇಕು. ಎನ್‌ಎ ಆಗದ ಹೊಲವನ್ನು ಗುಂಟೆ ಲೆಕ್ಕದಲ್ಲಿ ಮಾರುವವರು ಕಡಿಮೆ ಬೆಲೆ ಹೇಳುತ್ತಾರೆ. ಗುಂಟೆ ಎಂದರೆ 1,089 ಚದರ ಅಡಿ, 30×40ಕ್ಕಿಂತ ಸ್ವಲ್ಪ ಕಡಿಮೆ. ಅಂಥದ್ದಕ್ಕೆ ಬ್ಯಾಂಕ್ ಮನೆ ಸಾಲ ಕೊಡುವುದಿಲ್ಲ, ಜಂಟಿ ಪಹಣಿಯಲ್ಲಿ ಹೆಸರು ಸೇರಿ ಮುಂದೆ ಹದ್ದುಬಸ್ತಿನ ಜಗಳ ಬೇರೆ.

ಬೆಂಗಳೂರಿನ ಫ್ಲ್ಯಾಟ್ ಮಾರಿದ ದುಡ್ಡನ್ನು ಇಲ್ಲಿಯ ಸೌಹಾರ್ದ ಸಹಕಾರಿ ಸಂಘದಲ್ಲಿ ಇಟ್ಟರೆ ಬಡ್ಡಿ ಹೆಚ್ಚು, ಇಡಬಹುದೇ? ಬ್ಯಾಂಕಿನಲ್ಲಿಟ್ಟ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ, 2020ರಿಂದ ಈ ಮಿತಿ. ಪಟ್ಟಣ ಸಹಕಾರಿ ಬ್ಯಾಂಕುಗಳಿಗೂ ಅದು ಅನ್ವಯ. ರಿಸರ್ವ್ ಬ್ಯಾಂಕಿನ ಪರವಾನಗಿ ಇಲ್ಲದ ಪತ್ತಿನ ಸಂಘಕ್ಕೆ, ಸೌಹಾರ್ದ ಸಹಕಾರಿಗೆ ಆ ವಿಮೆ ಇಲ್ಲ. ಬೋರ್ಡಿನ ಮೇಲಿನ ಹೆಸರು ಬ್ಯಾಂಕಿನಂತೆ ಕಂಡರೂ ಪರವಾನಗಿ ಇದೆಯೇ ಎಂದು ಕೇಳಿ ನೋಡಿ. ಪಿಗ್ಮಿ ಕಟ್ಟಿಕೊಂಡು ಅಂಗಡಿಗೆ ಸಣ್ಣ ಸಾಲ ಪಡೆಯಲು ಈ ಸಂಘಗಳು ಉಪಯೋಗಕ್ಕೆ ಬರುತ್ತವೆ, ಆ ಮಟ್ಟಕ್ಕೆ ವ್ಯವಹಾರ ಇಟ್ಟುಕೊಳ್ಳಿ. ಫ್ಲ್ಯಾಟಿನ ದುಡ್ಡನ್ನು ನಾಲ್ಕೈದು ಬ್ಯಾಂಕುಗಳಲ್ಲಿ, ಒಂದೊಂದರಲ್ಲೂ ಬಡ್ಡಿ ಸೇರಿ 5 ಲಕ್ಷ ಮೀರದಂತೆ, ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಬೇರೆ ಬೇರೆಯಾಗಿ ಇಡಿ.